ಇಂಪ್ಲಾಂಟ್‌ಗೆ ಮೊದಲು ಮೂಳೆಯ ಮಾತು

ಹಲ್ಲು ಕೀಳಿಸಲು ಹೊರಟವರು ಸಿಕ್ಕರೆ ನಾನು ತಪ್ಪದೆ ಒಂದು ಮಾತು ಹೇಳುತ್ತೇನೆ. ಮುಂದೆ ಇಂಪ್ಲಾಂಟ್ (ದವಡೆಯ ಮೂಳೆಯೊಳಗೆ ತಿರುಪಿನಂತೆ ಕೂರಿಸುವ ಕೃತಕ ಹಲ್ಲಿನ ಬೇರು) ಹಾಕಿಸುವ ಯೋಚನೆ ಇದ್ದರೆ, ಆ ಮೂಳೆ ಬಗ್ಗೆ ಡಾಕ್ಟರ್ ಹತ್ತಿರ ಈಗಲೇ ಕೇಳಿ.

ಹಲ್ಲು ಹೋದ ಮೇಲೆ ಅದನ್ನು ಹಿಡಿದುಕೊಂಡಿದ್ದ ಮೂಳೆಗೆ ಕೆಲಸವಿಲ್ಲ, ಕರಗತೊಡಗುತ್ತದೆ. ಮೊದಲ ವರ್ಷದಲ್ಲೇ ಅಗಲ ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು, ಅದರಲ್ಲೂ ಜಾಸ್ತಿ ಹೋಗುವುದು ಮೊದಲ 3 ತಿಂಗಳಲ್ಲಿ. ಕೀಳಿಸಿದ ದಿನವೇ ಹಲ್ಲಿದ್ದ ಕುಳಿಯೊಳಗೆ ಗ್ರಾಫ್ಟ್, ಅಂದರೆ ಹೊಸ ಮೂಳೆ ಬೆಳೆಯಲೆಂದು ಹಾಕುವ ಮೂಳೆ ಅಥವಾ ಅದರಂಥ ಪುಡಿ, ತುಂಬಿಸಿದರೆ ಈ ಸವೆತವನ್ನು ಸಾಕಷ್ಟು ತಗ್ಗಿಸಬಹುದು. ನನಗೆ ಹಲ್ಲು ಹೋಗಿ ವರ್ಷಗಳೇ ಆಗಿದ್ದವು. ಸ್ಕ್ಯಾನ್‌ನಲ್ಲಿ ನೋಡಿದರೆ ಮೂಳೆ ತೀರಾ ತೆಳು. 4 ಮಿ.ಮೀ. ದಪ್ಪದ ಇಂಪ್ಲಾಂಟ್ ಕೂರಬೇಕಾದರೆ ಅದರ ಸುತ್ತಲೂ ಒಂದೊಂದೂವರೆ ಮಿ.ಮೀ. ಮೂಳೆ ಉಳಿದಿರಬೇಕು, ಅಷ್ಟು ಜಾಗ ಎಲ್ಲಿಂದ ಬರಬೇಕು?

ಗ್ರಾಫ್ಟ್‌ಗೆ ನಮ್ಮದೇ ಗಲ್ಲದಿಂದಲೋ ಕೆಳದವಡೆಯ ಹಿಂಭಾಗದಿಂದಲೋ ಮೂಳೆ ತೆಗೆಯಬಹುದು. ಅದರಲ್ಲಿ ಜೀವಕೋಶಗಳಿರುತ್ತವೆ, ಆದರೆ ಇನ್ನೊಂದು ಕಡೆ ಗಾಯ ಆಗುತ್ತದೆ. ಮನುಷ್ಯರು ದಾನ ಮಾಡಿದ ಮೂಳೆ, ಸಂಸ್ಕರಿಸಿದ ದನದ ಮೂಳೆ, ಲ್ಯಾಬ್‌ನಲ್ಲಿ ತಯಾರಿಸಿದ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ಕೂಡ ಇವೆ. ಯಾವುದನ್ನು ಹಾಕುತ್ತಾರೆ ಅಂತ ಕೇಳಿಯೇ ಒಪ್ಪಿ, ಕೆಲವರಿಗೆ ಅದು ನಂಬಿಕೆಯ ವಿಷಯವೂ ಹೌದು. ಈ ಪುಡಿಗಳು ಬಳ್ಳಿಗೆ ಹಾಕಿದ ಚಪ್ಪರದ ಹಾಗೆ, ಅದನ್ನು ಹಿಡಿದು ಬೆಳೆಯಬೇಕಾದದ್ದು ನಮ್ಮ ಮೂಳೆಯೇ.

ನನಗೆ ತುಂಬ ಹಿಡಿಸಿದ್ದು ಗ್ರಾಫ್ಟ್ ಮೇಲೆ ಹೊದಿಸುವ ತೆಳ್ಳನೆಯ ಪೊರೆ. ವಸಡು ಬೇಗ ಬೆಳೆಯುತ್ತದೆ, ಮೂಳೆ ನಿಧಾನ. ಸುಮ್ನೆ ಬಿಟ್ಟರೆ ಮೂಳೆ ಬರಬೇಕಾದ ಜಾಗಕ್ಕೆ ವಸಡೇ ನುಗ್ಗಿ ಕೂತುಬಿಡುತ್ತದೆ. ಅದನ್ನು ತಡೆಯುವುದಕ್ಕೇ ಈ ಪೊರೆ. ಕೊಲಾಜನ್ ಎಂಬ ಪ್ರೋಟೀನ್‌ನದಾದರೆ ತಾನಾಗಿಯೇ ಕರಗುತ್ತದೆ, ಮತ್ತೆ ತೆಗೆಸಬೇಕಿಲ್ಲ.

ಮೇಲ್ದವಡೆಯ ಹಿಂಭಾಗದ್ದು ಬೇರೆ ಕಥೆ. ಅಲ್ಲಿ ಮೂಳೆಯ ಮೇಲೆಯೇ ಸೈನಸ್, ಅಂದರೆ ಮೂಗಿಗೆ ಸೇರಿದ ಗಾಳಿಯ ಗೂಡು, ಇರುತ್ತದೆ. ಅದರ ಒಳಪೊರೆಯನ್ನು ಮೆಲ್ಲಗೆ ಮೇಲೆತ್ತಿ ಕೆಳಗೆ ಗ್ರಾಫ್ಟ್ ತುಂಬುತ್ತಾರೆ. ಆಮೇಲೆ ಕೆಲವು ವಾರ ಮೂಗು ಜೋರಾಗಿ ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

ಮೂಳೆ ಗಟ್ಟಿಯಾಗಲು ಸಾಮಾನ್ಯವಾಗಿ 4ರಿಂದ 9 ತಿಂಗಳು ಬೇಕು. ಕಾಯುವುದು ಬೇಜಾರು ನಿಜ, ಆದರೆ ಅವಸರ ಮಾಡಬೇಡಿ. ಸಿಗರೇಟು ಸೇದುವವರು ದಯವಿಟ್ಟು ಬಿಡಿ, ರಕ್ತ ಸರಿಯಾಗಿ ಹರಿಯದೆ ಗ್ರಾಫ್ಟ್ ಹಿಡಿಯುವುದೇ ಕಷ್ಟ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಮೂಳೆ ಸವೆತಕ್ಕೆ ಮಾತ್ರೆಯೋ ಇಂಜೆಕ್ಷನ್ನೋ ತೆಗೆದುಕೊಳ್ಳುತ್ತಿದ್ದರೆ ಅದನ್ನಂತೂ ಮರೆಯದೆ ಹೇಳಿ.

ಮೂಳೆಯ ಎತ್ತರ ಸ್ವಲ್ಪವೇ ಕಮ್ಮಿ ಇರುವವರಿಗೆ ಗಿಡ್ಡ ಇಂಪ್ಲಾಂಟ್ ಸಾಕಾಗಬಹುದು, ಗ್ರಾಫ್ಟ್‌ಗೆ ಹೂಂ ಅನ್ನುವ ಮೊದಲು ಅದನ್ನೂ ಕೇಳಿ ನೋಡಿ.