ಕಾಟನ್ ಶೈಲಿಯ ಗಿಟಾರ್: ಸ್ಯಾಡಲ್ ಕೊನೆಗೂ ಹತೋಟಿಗೆ ಬಂತು

ಬಲಗೈ ಗಿಟಾರಿನ ತಂತಿಗಳನ್ನು ಹಿಂದುಮುಂದಾಗಿ ಕಟ್ಟಿ, ಅಮೆರಿಕದ ಜಾನಪದ ಗಾಯಕಿ, ಗಿಟಾರ್ ವಾದಕಿ ಎಲಿಜಬೆತ್ ಕಾಟನ್ ಅವರ ಬೆರಳುಗಾರಿಕೆಯನ್ನು ಬಲಗೈಯಲ್ಲೇ ಕಲಿಯುವ ನನ್ನ ಪ್ರಯತ್ನ ಈ ವಾರ ದಡ ಸೇರಿದೆ. 1893ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದ ಕಾಟನ್ ಎಡಚರು. ಬಲಗೈಯವರಿಗೆಂದು ತಂತಿ ಕಟ್ಟಿದ ವಾದ್ಯವನ್ನು ಹಾಗೆಯೇ ಮಗುಚಿ ಹಿಡಿದು, ಮಂದ್ರವನ್ನು ಬೆರಳಿನಿಂದಲೂ ಹಾಡಿನ ಮಟ್ಟನ್ನು ಹೆಬ್ಬೆರಳಿನಿಂದಲೂ ನುಡಿಸಿದರು.

ಅವರ ವಾದ್ಯದಲ್ಲಿ ಪ್ರತಿ ತಂತಿಯೂ ಸ್ಯಾಡಲಿನ ಮೇಲೆ, ಅಂದರೆ ತಂತಿಗಳು ಕೆಳತುದಿಯಲ್ಲಿ ಒರಗುವ, ದಪ್ಪ ತಂತಿಗೆ ತುಸು ಹೆಚ್ಚು ಉದ್ದ ಸಿಗಲೆಂದು ಓರೆಯಾಗಿ ಕೂರಿಸಿದ ಮೂಳೆಪಟ್ಟಿಯ ಮೇಲೆ, ತನ್ನ ಜಾಗದಲ್ಲೇ ಇತ್ತು. ನಾನು ತಂತಿಗಳನ್ನೇ ಅದಲುಬದಲು ಮಾಡಿದ್ದರಿಂದ ಸ್ಯಾಡಲಿನ ಓರೆ ತಿರುವುಮುರುವಾಗಿ, ಹನ್ನೆರಡನೆಯ ಫ್ರೆಟ್ಟಿನಲ್ಲಿ (ಮೆಟ್ಟಿಲಿನಲ್ಲಿ) ದಪ್ಪ ತಂತಿ ಏರುಸ್ವರಕ್ಕೂ ತೆಳು ತಂತಿ ಇಳಿಸ್ವರಕ್ಕೂ ಜಾರುತ್ತಿದ್ದವು. ಮೂರು ಮಿಲಿಮೀಟರ್ ದಪ್ಪದ ಮೂಳೆಯನ್ನು ಎಷ್ಟು ಉಜ್ಜಿದರೂ ಅಂತರ ಪೂರ್ತಿ ಮುಚ್ಚಲಿಲ್ಲವಾದ್ದರಿಂದ, ಅದು ಕೂರುವ ಹಳೆಯ ತೋಡಿಗೆ ಬೀಟೆಯ ಚೂರು ತುಂಬಿ, ಎದುರು ಓರೆಯಲ್ಲಿ ಹೊಸ ತೋಡು ಕೊರೆದೆ. ಎಡಗೈ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಗೀರುಗಳ ಪಟ್ಟಿ) ಬೇಕೆಂದು ಸ್ಪಷ್ಟವಾಗಿ ಬರೆದಿದ್ದರೂ ಬಲಗೈಯದನ್ನೇ ಕಳಿಸಿ, ವಾಪಸು ಪಡೆಯಲೂ ಒಪ್ಪದ ಮಾರಾಟಗಾರರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಕೊನೆಗೆ ಅದನ್ನೂ ಮೂಳೆಯ ತುಂಡಿನಿಂದ ನಾನೇ ಮಾಡಿಕೊಂಡೆ.

ಈಗ ಕೇಳಿಸುತ್ತಿರುವುದೇ ಬೇರೆ. ಹೆಬ್ಬೆರಳಿನ ಮಾಂಸಲ ಭಾಗ ತಾಗುವುದರಿಂದ ಮೇಲಿನ ಸ್ವರಗಳು ದುಂಡಗೆ, ತುಂಬಿಕೊಂಡು ಬರುತ್ತವೆ. ಬೆರಳು ಮೀಟುವ ಮಂದ್ರ ಹಗುರಾಗಿ ಹಿಂದೆ ಸರಿಯುತ್ತದೆ. ಇಷ್ಟು ಹಟ ಹಿಡಿದದ್ದು ಕೆನಡಾದ ಗಾಯಕಿ, ಗೀತರಚನಕಾರ್ತಿ ಜೋನಿ ಮಿಚೆಲ್ ಅವರಿಗಾಗಿ. ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್ ಅವರ ಗಿಟಾರ್ ಪಾಠದ ರೆಕಾರ್ಡಿನಿಂದ ಕಾಟನ್ ಶೈಲಿಯನ್ನು ಕಲಿಯಹೊರಟ ಅವರಿಗೆ ಮಂದ್ರದ ತಂತಿಗಳನ್ನು ಸರದಿಯಂತೆ ಮೀಟುವ ನಡೆ ಒಲಿಯದೆ, ಎಲ್ಲಕ್ಕಿಂತ ದಪ್ಪದ ಆರನೆಯ ತಂತಿಯಲ್ಲೇ ಹೆಚ್ಚಾಗಿ ನಿಲ್ಲುವ ಸ್ವಂತ ನಡೆಯೊಂದು ಹುಟ್ಟಿತು. ಬಾಲ್ಯದ ಪೋಲಿಯೋದಿಂದ ಎಡಗೈ ದುರ್ಬಲವಾಗಿದ್ದುದು ಅವರನ್ನು ಬೇರೆ ಬೇರೆ ಶ್ರುತಿಗಳತ್ತ ಒಯ್ದಿತು. ಒಬ್ಬಾಕೆಯ ಪ್ರಭಾವ ಇನ್ನೊಬ್ಬಾಕೆಯ ಸ್ವಂತಿಕೆಯಾದದ್ದು ಹೀಗೆ, ಕೈಗೆ ಏನು ಸಾಧ್ಯ ಎಂಬುದರ ಮೂಲಕ. ಕಾಟನ್ ಎಳೆಯ ವಯಸ್ಸಿನಲ್ಲೇ ಕಟ್ಟಿದ 'ಫ್ರೈಟ್ ಟ್ರೈನ್' ಅನ್ನು 1950ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ತಮ್ಮ ಹೆಸರಿಗೆ ಬರೆಸಿಕೊಂಡದ್ದನ್ನು ಮಾತ್ರ ನಾನು ಪ್ರಭಾವ ಎನ್ನಲಾರೆ, ಅದು ಕಳವು.

ಮುಂದೆ ಮಾಡುವುದು ಡಲ್ಸಿಮರ್ ಎಂಬ ತಂತಿವಾದ್ಯ. 1971ರ 'ಬ್ಲೂ' ಆಲ್ಬಮ್ಮಿನಲ್ಲಿ ಮಿಚೆಲ್ ಮಡಿಲಲ್ಲಿಟ್ಟು ನುಡಿಸಿದ ಆ ವಾದ್ಯವನ್ನು, ವೀಣೆಗೆ ಒಗ್ಗಿದ ಹಲಸಿನ ಮರದಲ್ಲಿ ಮಾಡಬೇಕೆಂದಿದ್ದೇನೆ. ಮೇಲುಹಲಗೆಗೂ ಹಲಸು ಸಾಕೇ, ಅಥವಾ ಅದಕ್ಕೆ ಹಗುರವಾದ ದೇವದಾರು ಹಾಕಬೇಕೇ ಎಂಬುದನ್ನು ಎರಡನ್ನೂ ತೆಳ್ಳಗೆ ಹೆರೆದು, ತಟ್ಟಿ ಕೇಳಿಯೇ ನಿರ್ಧರಿಸುವೆ.