ಕೆಟ್ಟ ಗಾಳಿ

ಸಂಜೆ ಆರಾಯ್ತು, ಅಮ್ಮ ಕಿಟಕಿಗಳನ್ನೆಲ್ಲ ಮುಚ್ಚುತ್ತಾ ಬಂದರು. ಅಡುಗೆಮನೆ ಕಿಟಕಿಯ ಸೊಳ್ಳೆ ಪರದೆಯಲ್ಲಿ ಒಂದು ತೂತು, ಅದಕ್ಕೆ ಅವರೇ ಹಾಕಿದ ನೀಲಿ ದಾರದ ಹೊಲಿಗೆ.

ಸುಮ್ನೆ ಅದನ್ನೇ ನೋಡುತ್ತಾ ನಿಂತಾಗ ನೆನಪಾಯ್ತು. ಮಲೇರಿಯಾ ಅನ್ನೋ ಪದ ಬಂದಿದ್ದು ಇಟಲಿಯಿಂದ. ‘ಮಾಲಾ ಆರಿಯಾ’, ಅಂದ್ರೆ ಕೆಟ್ಟ ಗಾಳಿ. ರೋಮ್ ಸುತ್ತಲಿನ ಜೌಗು ನೆಲದಿಂದ ಏಳುವ ಗಾಳಿಯೇ ಜ್ವರ ತರುತ್ತೆ ಅಂತ ನಂಬಿದ್ದ ಜನ, ಆ ಗಾಳಿ ಒಳಗೆ ಬರದಂತೆ ರಾತ್ರಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದರಂತೆ. ಕಾರಣ ತಪ್ಪಾದ್ರೂ ಸೊಳ್ಳೆ ಹೊರಗೇ ಉಳಿದಿರುತ್ತೆ, ಅಲ್ವಾ?

1897ರಲ್ಲಿ ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲೇ ಆ ರೋಗಾಣುವನ್ನು ಕಂಡರು. ಹೆಸರು ಮಾತ್ರ ಗಾಳಿಯದೇ ಉಳಿಯಿತು.

ನಮ್ಮಲ್ಲಿ ಚಳಿಜ್ವರ ಅಂತಾರೆ. ಆ ಪದ ಕೇಳಿದರೆ ಸಾಕು, ಕಂಬಳಿ ಮೇಲೆ ಕಂಬಳಿ ಹೊದ್ದರೂ ಕಟಕಟ ಅನ್ನುವ ಹಲ್ಲು ಕಣ್ಣ ಮುಂದೆ ಬರುತ್ತೆ. ನನಗೆ ಆ ಹೆಸರೇ ಜಾಸ್ತಿ ಇಷ್ಟ.