ದೊಡ್ಡಪ್ಪನ ಮಂಡಿ, ದೊಡ್ಡಪ್ಪನ ಜಪಮಾಲೆ

ಕೋಲಾರದ ಎಪಿಎಂಸಿಯಲ್ಲಿ ದಶಕಗಳ ಕಾಲ ಟೊಮೆಟೊ ಮಂಡಿ ನಡೆಸಿದ ನಮ್ಮ ದೊಡ್ಡಪ್ಪ ಈ ವರ್ಷ ಪ್ರಭುವಿನ ಪಾದ ಸೇರಿದರು. 15 ಕೆ.ಜಿ. ಬಾಕ್ಸುಗಳ ಹರಾಜು ಮುಗಿದ ಮೇಲೆ, ದರ ಎಷ್ಟೇ ಕುಸಿದಿರಲಿ, ಮಾಲು ತಂದ ರೈತನಿಗೆ ಅಂದೇ ಪಟ್ಟಿ ಬರೆದು ಹಣ ಎಣಿಸಿ ಕೊಡುತ್ತಿದ್ದರು. ಬಡವನ ಬಾಕಿ ಉಳಿಸಿಕೊಂಡು ಚರ್ಚಿನ ಬಲಿಪೂಜೆಗೆ ಹೋಗಲು ತಮಗೆ ಮುಖವಿಲ್ಲ ಎನ್ನುವುದು ಅವರ ವಾದವಾಗಿತ್ತು. ಹೊಸ ಲೆಕ್ಕದ ಪುಸ್ತಕದಲ್ಲಿ ಪಕ್ಕದ ಮಂಡಿಯವರು ‘ಶ್ರೀ’ ಬರೆಯುವ ಜಾಗದಲ್ಲಿ ಇವರು ನೀಲಿ ಶಾಯಿಯಲ್ಲಿ ಪುಟ್ಟದೊಂದು ಶಿಲುಬೆ ಬರೆದ ನಂತರವೇ ಅಂಕಿಗಳಿಗೆ ಕೈಹಾಕುತ್ತಿದ್ದರು.

2001ರ ಫೆಬ್ರುವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ದೊಡ್ಡಮ್ಮನ ತಮ್ಮಂದಿರಿಬ್ಬರನ್ನು, ಉಪಕಾರವೆಂದು ಒಮ್ಮೆಯೂ ಎತ್ತಾಡದೆ, ಮಂಡಿಯಲ್ಲೇ ಗುಮಾಸ್ತರನ್ನಾಗಿ ಮಾಡಿಕೊಂಡರು. ಭಾನುವಾರ ಮಧ್ಯಾಹ್ನ ಬಡವರಿಗೆ ನೆರವಾಗುವ ಕಥೋಲಿಕರ ಸೇವಾ ಸಂಘವಾದ ವಿನ್ಸೆಂಟ್ ಡಿ ಪಾಲ್ ಸಭೆಯವರೊಂದಿಗೆ ಬಡವರ ಮನೆಗಳಿಗೆ ಅಕ್ಕಿ, ಔಷಧಿ ಒಯ್ಯುತ್ತಿದ್ದುದು ನಮ್ಮಲ್ಲಿ ಹಲವರಿಗೆ ತಡವಾಗಿ ತಿಳಿಯಿತು.

ಮನೆಯಲ್ಲಿ ಮಾತ್ರ ಅವರು ಕಟ್ಟುನಿಟ್ಟು. ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಮಂಡಿಯೂರಿ ಜಪಮಾಲೆ ಹೇಳಲೇಬೇಕಿತ್ತು, ಪರೀಕ್ಷೆಯ ನೆಪವೂ ನಡೆಯುತ್ತಿರಲಿಲ್ಲ. ಆಗ ಅದು ನಮಗೆ ಅತಿಯೆನಿಸಿದ್ದು ನಿಜ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸದ ಜೊತೆಗೆ ತಮ್ಮ ಪ್ರಾಣವಾಗಿದ್ದ ಕಾಫಿಯನ್ನೂ ಬಿಡುತ್ತಿದ್ದರು, ಹಾಗಾಗಿ ಆ ದಿನ ಮುಂಗಡ ಕೇಳಲು ಹೋಗಬಾರದೆಂಬುದು ಮಂಡಿಯ ಹಮಾಲರಿಗೆಲ್ಲ ಚೆನ್ನಾಗಿ ಗೊತ್ತಿತ್ತು.